ಬೋರ್ಡು ಹಳೆಯದೇ, ಅಂಗಡಿ ಮಾತ್ರ ಹಳೆಯದಲ್ಲ: ಸಣ್ಣ ಗಿರಾಕಿಗಳು ಎಚ್ಚರವಾಗಿರಿ

ಮೋಟಾರು, ಪಂಪು ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪ್ ನನ್ನದು. ಬೇರಿಂಗು, ಆಯಿಲ್ ಸೀಲು, ಬೆಲ್ಟು, ನಟ್ಟು, ಬೋಲ್ಟು, ಪೈಪ್ ಫಿಟ್ಟಿಂಗು ಎಲ್ಲವನ್ನೂ ವರ್ಷಗಳಿಂದ ಒಂದೇ ಅಂಗಡಿಯಲ್ಲಿ ಕೊಳ್ಳುತ್ತಿದ್ದೆ. ಆ ಅಂಗಡಿಯನ್ನು ಹಲವು ಶಾಖೆಗಳಿರುವ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಬೋರ್ಡನ್ನು ಇಳಿಸಲಿಲ್ಲ. ಕೌಂಟರಿನ ಹಿಂದೆ ಮೊದಮೊದಲು ಅದೇ ಮುಖಗಳಿದ್ದವು. ‘ನಿಮಗೇನೂ ವ್ಯತ್ಯಾಸವಾಗುವುದಿಲ್ಲ’ ಎಂದು ಭರವಸೆಯನ್ನೂ ಕೊಟ್ಟರು. ನಿಮಗೂ ಯಾರಾದರೂ ಹೀಗೆಯೇ ಹೇಳಿದರೆ ದಯವಿಟ್ಟು ಆ ಮಾತನ್ನು ನೆಚ್ಚಿಕೊಂಡು ಕೂರಬೇಡಿ.

ಮೊದಲು ನಿಂತದ್ದು ಬಿಡಿ ಮಾರಾಟ. ನಾಲ್ಕು ಬೋಲ್ಟು ಬೇಕೆಂದರೆ ಪೂರ್ತಿ ಪೆಟ್ಟಿಗೆ ಕೊಳ್ಳಬೇಕು. ನಂತರ ಕನಿಷ್ಠ ಖರೀದಿಯ ಮೊತ್ತ ಗೊತ್ತುಮಾಡಿದರು. ಅದಕ್ಕಿಂತ ಕಡಿಮೆಯಾದರೆ ಪ್ರತ್ಯೇಕ ಶುಲ್ಕ. ತಿಂಗಳ ಕೊನೆಗೆ ಹಣ ಕಟ್ಟುವ ಸೌಕರ್ಯವನ್ನು ಹೊಸದಾಗಿ ಅರ್ಜಿ ಹಾಕಿ ಪಡೆಯಬೇಕಾಯಿತು, ನನ್ನಂಥವರ ಅರ್ಜಿಗೆ ಉತ್ತರವೇ ಬರಲಿಲ್ಲ. ಇವೆಲ್ಲ ಕಿರಿಕಿರಿ, ಹೇಗೋ ಸಹಿಸಬಹುದು. ನನಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ.

ಹಿಂದೆ ಕೌಂಟರಿನಲ್ಲಿದ್ದ ಹಿರಿಯರು ಸವೆದ ಸೀಲನ್ನು ಕೈಗೆತ್ತಿಕೊಂಡು ವರ್ನಿಯರ್‌ನಿಂದ ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆಯುತ್ತಿದ್ದರು. ಅದರ ತುಟಿ ಗಟ್ಟಿಯಾಗಿ ಬಿರಿದಿದ್ದರೆ, ‘ಎಣ್ಣೆ ಎಷ್ಟು ಬಿಸಿಯಾಗುತ್ತದೆ?’ ಎಂದು ಕೇಳಿ, ಸಾಧಾರಣ ನೈಟ್ರೈಲ್ ರಬ್ಬರ್ ಸಾಕೋ ಹೆಚ್ಚು ಬಿಸಿ ತಾಳುವ ವೈಟಾನ್ ರಬ್ಬರ್ ಬೇಕೋ ಎಂದು ಅವರೇ ಹೇಳುತ್ತಿದ್ದರು. ಅವರನ್ನು ಗೋದಾಮಿಗೆ ವರ್ಗ ಮಾಡಿದರು. ಈಗ ಆ ಜಾಗದಲ್ಲಿ ಕುಳಿತವರು ಪರದೆಯ ಮೇಲೆ ಬರುವ ‘ಸಮಾನ ವಸ್ತು’ವನ್ನು ತೆಗೆದುಕೊಡುತ್ತಾರೆ. ಅವರನ್ನು ನಾನು ದೂರುವುದಿಲ್ಲ, ಅವರಿಗೆ ಕಲಿಸಿಕೊಟ್ಟದ್ದೇ ಅಷ್ಟು.

ಪಂಪಿನ ಮೋಟಾರಿಗೆಂದು ನಾನು 6205 ಬೇರಿಂಗ್ ಬರೆಸಿದ್ದೆ. ಎರಡೂ ಬದಿಗೆ ರಬ್ಬರ್ ಸೀಲ್ ಇರುವ 2ಆರ್‌ಎಸ್, ಒಳಗಿನ ಗುಂಡುಗಳಿಗೆ ಸಾಮಾನ್ಯಕ್ಕಿಂತ ಹೆಚ್ಚು ಜಾಗವಿರುವ ಸಿ3 ಸಡಿಲ ಎಂದು ಸ್ಪಷ್ಟವಾಗಿ ಹೇಳಿದ್ದೆ. ಪಾರ್ಸೆಲ್‌ನಲ್ಲಿ ಬಂದದ್ದೂ 6205 ಬೇರಿಂಗೇ: 25 ಮಿಲಿಮೀಟರ್ ಒಳವ್ಯಾಸ, 52 ಹೊರವ್ಯಾಸ, 15 ಅಗಲ. ಆದರೆ ಅದು ತಗಡಿನ ಮುಚ್ಚಳದ ಜೆಡ್‌ಜೆಡ್, ಸಡಿಲವೂ ಸಾಮಾನ್ಯದ್ದು. ಬಿಲ್ಲಿನಲ್ಲಿ ಮಾತ್ರ ‘6205, ಸಮಾನ’ ಎಂದಿತ್ತು. ಹಿಂದಿರುಗಿಸಲು ಹೋದರೆ, ತೆರೆದ ಪೊಟ್ಟಣವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ತೆರೆಯದೆ ಒಳಗೇನಿದೆ ಎಂದು ನೋಡುವುದು ಹೇಗೆ?

ಇದು ಅಕ್ಷರಗಳ ತಕರಾರಲ್ಲ. ಓಡುವ ಮೋಟಾರಿನಲ್ಲಿ ಬೇರಿಂಗಿನ ಒಳಬಳೆ ಹೊರಬಳೆಗಿಂತ ಹೆಚ್ಚು ಬಿಸಿಯಾಗಿ ಹಿಗ್ಗುತ್ತದೆ. ಶಾಫ್ಟಿಗೆ ಬಿಗಿಯಾಗಿ ಕೂರಿಸಿದಾಗಲೇ ಒಳಗಿನ ಸಡಿಲ ಸ್ವಲ್ಪ ಕಡಿಮೆಯಾಗಿರುತ್ತದೆ. ಹೆಚ್ಚು ಸಡಿಲದ ಸಿ3 ಇರುವುದೇ ಇದಕ್ಕಾಗಿ. ತಗಡಿನ ಮುಚ್ಚಳ ಒಳಬಳೆಗೆ ತಾಗುವುದಿಲ್ಲ, ಆದ್ದರಿಂದ ನೀರನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಪಂಪಿನ ಬಳಿ ಅಂಥದ್ದನ್ನು ಹಾಕಿದರೆ ಗ್ರೀಸ್ ಕೆಟ್ಟು ಬೇರಿಂಗ್ ಕಿರುಚತೊಡಗುತ್ತದೆ. ಆಗ ಬೈಸಿಕೊಳ್ಳುವುದು ರಿಪೇರಿ ಮಾಡಿದವನೇ ಹೊರತು ಅಂಗಡಿಯಲ್ಲ.

ಫಿಟ್ಟಿಂಗುಗಳದ್ದು ಇನ್ನೂ ಅಪಾಯದ ಕಥೆ. ಪೈಪಿನ ಥ್ರೆಡ್‌ಗಳಲ್ಲಿ ಬಿಎಸ್‌ಪಿ ಬ್ರಿಟಿಷ್ ಮಾದರಿ, ಎನ್‌ಪಿಟಿ ಅಮೆರಿಕದ ಮಾದರಿ. ಅರ್ಧ ಇಂಚಿನ ಬಿಎಸ್‌ಪಿ, ಎನ್‌ಪಿಟಿ ಎರಡರಲ್ಲೂ ಇಂಚಿಗೆ 14 ಥ್ರೆಡ್. ಕೋನ ಮಾತ್ರ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಒಂದಕ್ಕೊಂದು ತಿರುಗಿಸಿದರೆ ಕಚ್ಚಿಕೊಳ್ಳುತ್ತವೆ, ಬಿಗಿಯೂ ಆಗುತ್ತವೆ, ಒತ್ತಡ ಬಿದ್ದಾಗ ಸೋರುತ್ತವೆ. ಹಳೆಯ ಅಂಗಡಿಯಲ್ಲಿ ಇವೆರಡನ್ನು ಬೇರೆ ಬೇರೆ ಗೋಡೆಗೆ ಜೋಡಿಸಿದ್ದರು. ಈಗ ಎರಡೂ ಒಂದೇ ಡಬ್ಬಿಯಲ್ಲಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಅಂಗಡಿಯನ್ನು ಕೊಂಡವರಿಗೆ ನಮ್ಮ ಮೇಲೆ ದ್ವೇಷವೇನೂ ಇಲ್ಲ. ಅವರು ನೋಡುವುದು ಸರಕು ಎಷ್ಟು ಬೇಗ ಖರ್ಚಾಗುತ್ತದೆ ಎಂಬುದನ್ನು. ನಿಧಾನವಾಗಿ ಹೋಗುವ ಸರಕು ಅವರ ಲೆಕ್ಕದಲ್ಲಿ ಸತ್ತ ದಾಸ್ತಾನು, ಅದನ್ನು ದೂರದ ಗೋದಾಮಿಗೆ ಸಾಗಿಸುತ್ತಾರೆ ಅಥವಾ ತರಿಸುವುದನ್ನೇ ನಿಲ್ಲಿಸುತ್ತಾರೆ. ಆದರೆ ಹಳೆಯ ಯಂತ್ರಗಳನ್ನು ದುರಸ್ತಿ ಮಾಡುವ ನಮಗೆ ಬೇಕಾದದ್ದೆಲ್ಲ ಆ ನಿಧಾನದ ಸರಕೇ. ದೊಡ್ಡ ಕಾರ್ಖಾನೆ ಒಂದೇ ಅಳತೆಯ ಮಾಲನ್ನು ಪೆಟ್ಟಿಗೆಗಟ್ಟಲೆ ಒಯ್ಯುತ್ತದೆ. ನಾವು ಹತ್ತು ಅಳತೆಯಲ್ಲಿ ಒಂದೊಂದು ಕೇಳುತ್ತೇವೆ. ಹೊಸ ಲೆಕ್ಕದಲ್ಲಿ ನಮಗೆ ಸೇವೆ ಕೊಡುವುದೇ ನಷ್ಟ.

ಇನ್ನು ಹಣದ ವಿಷಯ. ಇದನ್ನು ಗಮನವಿಟ್ಟು ಓದಿ. ಹಳೆಯ ಮಾಲೀಕರ ಕಾಲದ ಒಂದು ಕ್ರೆಡಿಟ್ ನೋಟ್, ಅಂದರೆ ಅಂಗಡಿ ನನಗೆ ಕೊಡಬೇಕಾದ ಹಣದ ಚೀಟಿ, ನನ್ನ ಬಳಿ ಇತ್ತು. ‘ಅದು ನಮ್ಮ ವ್ಯವಸ್ಥೆಯಲ್ಲಿ ಕಾಣಿಸುತ್ತಿಲ್ಲ’ ಎಂದು ಹೊಸ ಕಂಪನಿಯವರು ಕೈಚೆಲ್ಲಿದರು. ಕಂಪನಿಯ ಷೇರುಗಳನ್ನೇ ಕೊಂಡಿದ್ದರೆ ಕಂಪನಿ ಅದೇ ಉಳಿಯುತ್ತದೆ, ಅದರ ಬಾಕಿಗಳೂ ಅದರ ಜೊತೆಗೇ ಉಳಿಯುತ್ತವೆ. ಬರೀ ಸರಕು, ಹೆಸರು, ಜಾಗವನ್ನು ಕೊಂಡಿದ್ದರೆ ಹಳೆಯ ಬಾಕಿಗಳು ಸಾಮಾನ್ಯವಾಗಿ ಮಾರಿದವರ ತಲೆಯ ಮೇಲೆಯೇ ಉಳಿಯುತ್ತವೆ, ಒಪ್ಪಂದದಲ್ಲಿ ಬೇರೆ ಬರೆದುಕೊಂಡಿದ್ದರೆ ಮಾತು ಬೇರೆ. ಆದ್ದರಿಂದ ಮಾರಾಟದ ಸುದ್ದಿ ಕಿವಿಗೆ ಬಿದ್ದ ಕೂಡಲೇ ನಿಮ್ಮ ಮುಂಗಡ, ಕ್ರೆಡಿಟ್ ನೋಟ್, ವಾರಂಟಿಗಳ ಲೆಕ್ಕವನ್ನು ಲಿಖಿತವಾಗಿ ಪಡೆಯಿರಿ, ಸಾಧ್ಯವಾದರೆ ಬಳಸಿ ಮುಗಿಸಿಬಿಡಿ. ಇದುವರೆಗೆ ಕೊಂಡ ಮಾಲಿನ ಪೂರ್ತಿ ಪಟ್ಟಿಯನ್ನೂ ಕೇಳಿ ತೆಗೆದುಕೊಳ್ಳಿ. ಹೊಸ ಕಂಪ್ಯೂಟರಿಗೆ ಬದಲಾಗುವಾಗ ಹಳೆಯ ಸಂಕೇತಗಳು ಅಳಿಸಿಹೋದರೆ ಯಾವ ಯಂತ್ರಕ್ಕೆ ಯಾವ ಸೀಲು ಹಾಕಿದ್ದಿರಿ ಎಂಬುದಕ್ಕೆ ಬೇರೆ ದಾಖಲೆಯೇ ಇರುವುದಿಲ್ಲ.

ಆರ್ಡರ್ ಕೊಡುವಾಗ ‘ಬದಲಿ ಮಾಲು ಒಪ್ಪುವುದಿಲ್ಲ’ ಎಂದು ಬರೆದೇ ಕೊಡಿ, ಬೇರಿಂಗಿನ ಸಂಖ್ಯೆಯ ನಂತರ ಬರುವ ಅಕ್ಷರಗಳನ್ನು ಬಿಲ್ಲಿನಲ್ಲಿ ನಮೂದಿಸಲು ಒತ್ತಾಯಿಸಿ. ಪೊಟ್ಟಣವನ್ನು ಕೌಂಟರಿನಲ್ಲಿ ಅವರೆದುರೇ ತೆರೆದು ನೋಡಿ. ನಾನು ಈಗ ಬೇರೆ ಇಬ್ಬರು ಸಣ್ಣ ವ್ಯಾಪಾರಿಗಳ ಬಳಿ ಖಾತೆ ತೆರೆದಿದ್ದೇನೆ, ಪಕ್ಕದ ವರ್ಕ್‌ಶಾಪಿನವರ ಜೊತೆ ಸೇರಿ ಪೆಟ್ಟಿಗೆ ಕೊಂಡು ಹಂಚಿಕೊಳ್ಳುತ್ತಿದ್ದೇನೆ. ಹಳೆಯ ಅಂಗಡಿಗೆ ಹೋಗುವುದು ಬೇರೆಲ್ಲೂ ಸಿಗದ ಮಾಲಿಗೆ ಮಾತ್ರ, ಹೋದಾಗಲೆಲ್ಲ ವರ್ನಿಯರ್ ನನ್ನ ಜೇಬಿನಲ್ಲಿರುತ್ತದೆ.