ಕಂಬಾರನ ಚೂರಿ, ಸ್ವೀಡನ್ ಚಾಕು, ಮತ್ತ ಧಾರ ಹಚ್ಚೋ ಕಲ್ಲು: ಯಾವ್ದು ಛಲೋ?

ಹಂಟಿಂಗ್ ನೈಫ್ ಅಂತ ಹುಡುಕಿ ತರೋ ಚಾಕು ನಮ್ ಕಲಬುರಗಿ ಕಡಿ ಬ್ಯಾಟಿಗಿ ಅಲ್ಲ, ಅದು ಮೊದಲ ತಲ್ಯಾಗ ಇರ್ಲಿ. ಸುರಪುರದ ಬ್ಯಾಡರ ನಾಯಕರ ಕಾಲ ಮುಗದು ಯಾವ್ದೋ ಜಮಾನಾ ಆತು, 1972ರ ವನ್ಯಜೀವಿ ಕಾಯ್ದಾ ಬಂದ ಮ್ಯಾಲ ಹೊಲಕ್ಕ ಚಿಗರಿ ಬಂದು ಬೆಳಿ ಮೇದ್ರೂ ಕೈ ಹಚ್ಚಂಗಿಲ್ಲ, ಚಿಂಚೋಳಿ ಅಡವಿ ಅಂತೂ ವನ್ಯಜೀವಿ ಧಾಮನೇ ಅದ. ಹಂಗಾದ್ರ ಈ ಚಾಕು ಯಾಕ? ದರ್ಗಾದ ಕಂದೂರಿ ಊಟಕ್ಕ ಬೇಕು, ಬಕ್ರೀದ್‌ಗಿ ಬೇಕು, ಊರ ದೇವಿ ಜಾತ್ರಿಗಿ ಬೇಕು, ಭೀಮಾ ನದಿ ಮೀನ ಸ್ವಚ್ಛ ಮಾಡ್ಲಾಕ ಬೇಕು, ಹೊಲದಾಗ ಹಗ್ಗ ಕೊಯ್ಲಾಕ, ಡ್ರಿಪ್ ಪೈಪ್ ಕತ್ತರಿಸ್ಲಾಕ ಬೇಕು. ತೊಗಲ ಸುಲಿಯೋದು, ಕೀಲು ಬಿಡಿಸೋದು, ಎಲಬಿನಿಂದ ಖಂಡ ತೆಗಿಯೋದು, ಬ್ಯಾಟಿಯಾಗ ಇದ್ದ ಕೆಲಸನೇ ಕುರಿ ಮ್ಯಾಲೂ ಅದ, ಹಂಗಾಗಿ ಚಾಕುನೂ ಅದೇ ನಮೂನಿದು ಬೇಕಾಗ್ತದ.

ನಮ್ ಮನ್ಯಾಗ ಇಂಥ ಕೆಲಸಕ್ಕ ನಾ ಬಳಸಿ ನೋಡಿದ್ದು ಇವು: ಆಳಂದ ಕಡಿ ಹಳ್ಯಾಗ ಕಂಬಾರ ಕಾಕಾ ಲಾರಿ ಕಮಾನ್ ಪಟ್ಟಿಲಿಂದ ಬಡಿದು ಕೊಟ್ಟ ಚೂರಿ, ಸ್ವೀಡನ್‌ದ ಮೋರಾ ಕಂಪ್ಯಾನಿಯನ್, ಫ್ರಾನ್ಸ್‌ದ ಓಪಿನೆಲ್ 8ನೇ ನಂಬರ್ ಮಡಚೋ ಚಾಕು, ಸ್ವಿಟ್ಜರ್ಲೆಂಡ್‌ದ ವಿಕ್ಟೋರಿನಾಕ್ಸ್ ಬೋನಿಂಗ್ ಚಾಕು (ಎಲಬಿನಿಂದ ಖಂಡ ಬಿಡಿಸೋದು), ಮತ್ತ ಆನ್‌ಲೈನ್‌ನಾಗ ಸಿಗೋ ಕರಿ ಬಣ್ಣದ, ಬೆನ್ನಿಗಿ ಗರಗಸದ ಹಲ್ಲಿರೋ, ಸಿನಿಮಾ ಹೀರೋ ಹಿಡ್ಕೊಳ್ಳೋ ಥರದ್ದೊಂದು. ಕಡೀದ್ದು ಒಂದೇ ಮಾತಿನಾಗ ಮುಗಿಸ್ತೀನಿ: ಬ್ಯಾಡ. ಐದು ಮಿಲಿಮೀಟರ್ ದಪ್ಪ ಇರ್ತದ, ಹಿಡಕಿಯೊಳಗ ಕಬ್ಬಿಣ ಪೂರಾ ಹೋಗಿರಲ್ಲ, ಆ ಹಲ್ಲು ಕಟ್ಟಿಗಿನೂ ಕೊಯ್ಯಲ್ಲ ತೊಗಲಿನಾಗೂ ಸಿಗಬೀಳ್ತದ, ಗ್ವಾಡಿಗಿ ತೂಗ ಹಾಕಿದ್ರ ಛಂದ ಕಾಣ್ತದ ಅಷ್ಟ.

ಈಗ ಖರೆ ಕುಸ್ತಿ ಇರೋದು ಕಂಬಾರನ ಚೂರಿಗಿ ಮತ್ತ ಮೋರಾಕ್ಕ.

ಕಮಾನ್ ಪಟ್ಟಿ ಉಕ್ಕು ಕೆಟ್ಟದ್ದಲ್ರಿ, ಯಾರೇ ಹೇಳ್ಲಿ. ಸ್ಪ್ರಿಂಗ್ ಉಕ್ಕು ಅಂದ್ರ ಪೆಟ್ಟು ತಡ್ಕೊಳ್ಳೋದು, ಬಾಗಿ ಮತ್ತ ಸೀದಾ ಆಗೋದು, ಲಾರಿ ಕೆಳಗ ಅದರ ಕೆಲಸನೇ ಅದು. ದಖ್ಖನ್‌ದಾಗ ಒಂದು ಕಾಲಕ್ಕ, ಇಲ್ಲೇ ಪಕ್ಕದ ನಿಜಾಮಾಬಾದ್ ಕಡಿ ಕೋನಸಮುದ್ರಂದಾಗ ಮಾಡಿದ ಉಕ್ಕು ಪರ್ಷಿಯಾ ತನಕ ವ್ಯಾಪಾರ ಆಗ್ತಿತ್ತು, ಹಂಗಾಗಿ ನಮ್ ಕಡಿ ಜನಕ್ಕ ಉಕ್ಕು ಗೊತ್ತಿಲ್ಲ ಅನ್ನೋ ಮಾತು ನಾ ಒಪ್ಪಂಗಿಲ್ಲ. ಆದ್ರ ಪ್ರಾಬ್ಲಮ್ ಏನದಂದ್ರ ಪಟ್ಟಿ ಹ್ಯಾಂಗಿರ್ತದ ಹಂಗೇ ಕತ್ತರಿಸಿ ಗ್ರೈಂಡರ್ ಹಚ್ಚಿ ಕೊಟ್ರ ಅದು ಸ್ಪ್ರಿಂಗ್ ಗಟ್ಟಿತನದಾಗೇ ಉಳೀತದ, ಎಲಬು ಕಡಿಯೋ ಸತ್ತೂರಕ್ಕ ಅಷ್ಟು ಸಾಕು, ಸುಲಿಯೋ ಚೂರಿಗಿ ಸಾಲಲ್ಲ, ಅರ್ಧ ಕುರಿ ಮುಗಿಯೋದ್ರೊಳಗ ಮೊಂಡ ಆಗ್ತದ. ಛಂದಂಗ ಕೆಂಪಗ ಕಾಸಿ, ಅಂದ್ರ ಮ್ಯಾಗ್ನೆಟ್ ಹತ್ತೋದು ಬಿಟ್ಟ ಮ್ಯಾಲ ಇನ್ನೊಂದು ಜರಾ ಕಾಸಿ, ಎಣ್ಣ್ಯಾಗ ಅದ್ದಬೇಕು, ಆಮ್ಯಾಲ ಮತ್ತ ಸಣ್ಣ ಉರಿಗಿ ಹಿಡಿದು ಹದಕ್ಕ ತರಬೇಕು, ಮ್ಯಾಲ ತಿಕ್ಕಿ ಹೊಳಪ ಮಾಡಿದ ಜಾಗಾ ಹುಲ್ಲಿನ ಬಣ್ಣಕ್ಕ ತಿರುಗಿದಾಗ ನಿಲ್ಲಿಸಬೇಕು, ನೀಲಿಗಿ ಹೋತಂದ್ರ ಮೆತ್ತಗಾತು ಅಂತ ಲೆಕ್ಕ. ಅದ್ದಿದ ಮ್ಯಾಲ ಹಂಗೇ ಬಿಟ್ರೂ ನಡಿಯಲ್ಲ, ಗಾಜಿನಂಗ ಪಟ್ಟನ ಮುರೀತದ.

ಕಾಕಾನ ಜೋಡಿ ನಂದು ಜಗಳ ಆಗಿದ್ದು ಇದರ ಮ್ಯಾಲ ಅಲ್ಲ, ದಪ್ಪದ ಮ್ಯಾಲ. "ಏ ತಮ್ಮಾ, ದಪ್ಪ ಇದ್ರನೇ ಮಜಬೂತ್ ಇರ್ತದಪಾ, ನಿಮ್ಮಪ್ಪನೂ ಹಿಂಥಾದ್ದೇ ಒಯ್ತಿದ್ದ" ಅಂತಾನ. "ಕಾಕಾ, ನನಗ ಎಲಬು ಕಡಿಲಾಕ ಬ್ಯಾಡ, ತೊಗಲ ಸುಲಿಲಾಕ ಬೇಕು, ಅದಕ್ಕ ಸತ್ತೂರ ಬ್ಯಾರೆ ಅದ" ಅಂತ ನಾ. ಕಡೀಕ ಬೆನ್ನಿಗಿ ಮೂರು ಮಿಲಿಮೀಟರ್ ಇಟ್ಟು ಧಾರದ ಕಡಿ ತೆಳ್ಳಗ ಮಾಡಿ ಕೊಟ್ಟ, ಬಾಯಾಗ ಬೈಕೋತ. ಆ ತೆಳ್ಳಗ ಮಾಡಿದ್ದರಿಂದನೇ ಚೂರಿ ಜಲ್ಮ ಬದಲಾತು ನೋಡ್ರಿ, ಉಕ್ಕು ಅದೇ, ಹದ ಅದೇ, ಮೊದಲಿಂದು ಖಂಡ ತಳ್ಳತಿತ್ತು, ಇದು ಕೊಯ್ತದ. ಜನ ಯಾವ ಉಕ್ಕು ಯಾವ ಉಕ್ಕು ಅಂತ ತಲಿ ಕೆಡಿಸ್ಕೋತಾರ, ಧಾರದ ಹಿಂದ ಎಷ್ಟು ದಪ್ಪ ಅದ ಅಂತ ಯಾರೂ ಕೇಳಲ್ಲ, ಚಾಕು ಆರಿಸೋಮುಂದ ನಾ ಮೊದಲ ನೋಡೋದು ಅದೇ.

ಮೋರಾ ಬಂದದ್ದೇ ತೆಳ್ಳಗ. ಅಲಗು ಸುಮಾರ 10 ಸೆಂಟಿಮೀಟರ್, ದಪ್ಪ 2.5 ಮಿಲಿಮೀಟರ್, ಹಿಡಕಿ ಪ್ಲಾಸ್ಟಿಕ್ ರಬ್ಬರ್ ನಮೂನಿದು, ಕೊಬ್ಬು ರಕ್ತ ಹತ್ತಿದ ಕೈಯಾಗೂ ಜಾರಲ್ಲ, ಇದು ಸಣ್ಣ ಮಾತಲ್ಲ, ಕೈ ಜಾರಿ ಬೆರಳ ಧಾರದ ಮ್ಯಾಲ ಹೋಗೋದೇ ಇಂಥ ಕೆಲಸದಾಗ. ಅಲಗಿನ ಎರಡೂ ಕಡಿ ಒಂದೊಂದು ಅಗಲ ಇಳಿಜಾರು ಸೀದಾ ಧಾರದ ತನಕ ಹೋಗ್ಯದ, ಅದನ್ನ ಕಲ್ಲಿನ ಮ್ಯಾಲ ಸಪಾಟ ಕೂಡ್ಸಿದ್ರ ಕೋನ ತಾನೇ ಸಿಗ್ತದ, ಹೊಸದಾಗಿ ಧಾರ ಹಚ್ಚೋದು ಕಲಿಯೋರಿಗಿ ಇದಕ್ಕಿಂತ ಸರಳ ಚಾಕು ಇಲ್ಲ. ಸ್ಟೇನ್‌ಲೆಸ್‌ನಾಗೂ ಬರ್ತದ, ಜಂಗ್ ಹಿಡಿಯೋ ಕಾರ್ಬನ್ ಉಕ್ಕಿನಾಗೂ ಬರ್ತದ, ನಾ ಸ್ಟೇನ್‌ಲೆಸ್ ತಗೊಂಡೀನಿ. ಕಡಿಮಿ ಅಂದ್ರ ಅಂಥ ತೆಳ್ಳಗಿನ ಧಾರ ಎಲಬಿಗಿ ಅಡ್ಡ ಹೊಡೆದ್ರ ತಡಿಯಲ್ಲ, ಚೂರು ಏಳ್ತದ ಇಲ್ಲಾ ಮಡಚ್ತದ, ಹೊಡೀಬಾರದು, ಕೀಲು ಹುಡುಕಿ ನಡುವ ಹೋಗಬೇಕು.

ತೊಗಲ ಸುಲಿಯೋದ್ರಾಗ ಕಂಬಾರನ ಚೂರಿ ಗೆಲ್ತದ, ಇದು ನನಗೂ ಆಶ್ಚರ್ಯನೇ. ಕಾರಣ ಏನಂದ್ರ ಕಾಕಾ ತುದಿ ಮ್ಯಾಲಕ್ಕ ಎತ್ತಿ ಹೊಟ್ಟಿ ದುಂಡಗ ಮಾಡ್ಯಾನ, ಆ ದುಂಡು ಭಾಗ ತೊಗಲಿಗಿ ತೂತ ಮಾಡ್ದೆ ಪದರು ಬಿಡಿಸ್ಕೋತ ಹೋಗ್ತದ, ಮೋರಾದ ತುದಿ ಚೂಪ ಅದ, ಜರಾ ಲಕ್ಷ್ಯ ತಪ್ಪಿದ್ರ ತೊಗಲ ಹರೀತದ. ಕೀಲು ಬಿಡಿಸೋದ್ರಾಗ, ಮೀನದಾಗ, ಹೊಲದ ಚಿಲ್ಲರ ಕೆಲಸದಾಗ ಮೋರಾ ಮುಂದ. ಎಲಬಿನಿಂದ ಖಂಡ ಬಿಡಿಸೋದ್ರಾಗ ಇವೆರಡೂ ವಿಕ್ಟೋರಿನಾಕ್ಸ್ ಬೋನಿಂಗ್ ಚಾಕು ಮುಂದ ನಿಲ್ಲಲ್ಲ, 15 ಸೆಂಟಿಮೀಟರ್ ಉದ್ದ, ಕಿರಿದು, ತೊಡಿ ಎಲಬಿನ ಸುತ್ತ ಬಾಗಿ ಹೋಗ್ತದ. ಅದರ ಉಕ್ಕು ಜರಾ ಮೆತ್ತಗ, ಧಾರ ಬ್ಯಾಗ ಇಳೀತದ, ಆದ್ರ ಸ್ಟೀಲ್ ರಾಡ್‌ಗಿ ನಾಕು ಸಲ ಎಳದ್ರ ವಾಪಸ್ ಬರ್ತದ, ಮಟನ್ ಅಂಗಡಿಯವ್ರು ಬಗಲಾಗ ರಾಡ್ ಇಟ್ಕೊಳ್ಳೋದು ಇದಕ್ಕೇ. ಬರೇ ಮನ್ಯಾಗ ಕಂದೂರಿ ಖಂಡ ಹಸನ ಮಾಡೋರಿಗಿ ಒಂದೇ ಚಾಕು ಬೇಕಂದ್ರ ನಾ ಇದನ್ನೇ ಹೇಳ್ತೀನಿ, ಹೊಲಕ್ಕೂ ಬೇಕಂದ್ರ ಮೋರಾ.

ಓಪಿನೆಲ್ ಬ್ಯಾರೆ ಜಾತಿದು. ಅಲಗು 8.5 ಸೆಂಟಿಮೀಟರ್, ಕುತ್ತಿಗಿಗಿ ತಿರುಗಿಸೋ ಉಂಗುರ ಅದ, ಅದನ್ನ ತಿರುವಿದ್ರ ಚಾಕು ಲಾಕ್ ಆಗ್ತದ, 1955ರಾಗಿಂದ ಅದೇ ಉಪಾಯ ನಡೀಲತ್ತದ. ಜೇಬಿನಾಗ ಇರ್ಲಾಕ, ಪೇರಲ ಹಣ್ಣು ಉಳ್ಳಾಗಡ್ಡಿ ಕೊಯ್ಲಾಕ ಇದರಷ್ಟು ತೆಳ್ಳಗಿಂದು ಇಲ್ಲ. ಖಂಡದ ಕೆಲಸಕ್ಕ ಮಾತ್ರ ಯಾವ ಮಡಚೋ ಚಾಕುನೂ ಬ್ಯಾಡ, ಸಂದಿಯೊಳಗ ಕೊಬ್ಬು ಹೋಗಿ ಕೂಡ್ತದ ತೊಳಿಲಾಕ ಬರಲ್ಲ, ಮ್ಯಾಲ ಮರದ ಹಿಡಕಿ ನೀರ ಕುಡದು ಉಬ್ಬತದ.

ಇಲ್ಲಿ ತನಕ ಚಾಕು ಆತು, ಆದ್ರ ಇವೆಲ್ಲಾ ಹೊಸದಿದ್ದಾಗಿನ ಮಾತು. ಒಂದು ಹಬ್ಬ ಮುಗದ ಮ್ಯಾಲ ಎಲ್ಲಾ ಚಾಕು ಒಂದೇ, ಧಾರ ಹಚ್ಚೋರ ಕೈಯಾಗ ಅದ.

ಸೈಕಲ್ ಸಾಣಿಯವ್ರು ಓಣಿಗಿ ಬರ್ತಾರಲ್ಲ, ಪೆಡಲ್ ತುಳದು ಚಕ್ರ ತಿರುಗಿಸೋರು, ಅವ್ರಿಗಿ ಕತ್ತರಿ, ಈಳಗಿ, ಸತ್ತೂರ ಕೊಡ್ರಿ, ಛಲೋ ಮಾಡ್ತಾರ, ಜಲ್ದಿ ಆಗ್ತದ, ರೊಕ್ಕನೂ ಸಸ್ತಾ. ತೆಳ್ಳಗಿನ ಚಾಕು ಕೊಡಬ್ಯಾಡ್ರಿ. ಕಿಡಿ ಹಾರೋದು ಅಂದ್ರ ಅಲ್ಲಿ ಸುಡ್ಲತ್ತದ ಅಂತ, ಧಾರ ನೀಲಿ ಬಣ್ಣಕ್ಕ ತಿರುಗಿತಂದ್ರ ಆ ಜಾಗಾದ ಹದ ಹೋತು, ಮುಂದ ಎಷ್ಟು ಹಚ್ಚಿದ್ರೂ ನಿಲ್ಲಲ್ಲ, ಆ ನೀಲಿ ಭಾಗ ಸವೆಸಿ ತೆಗೆಯೋ ತನಕ. ಕರೆಂಟ್ ಗ್ರೈಂಡರ್ ಇಟ್ಟವ್ರ ಕಡಿ ಇನ್ನೂ ಜಾಸ್ತಿ, ಅಲ್ಲಿ ನೀರ ಚಿಮಕಿಸ್ಕೋತ ಮಾಡ್ರಿ ಅಂತ ನಿಂತು ಹೇಳಬೇಕು.

ಮನಿ ಮುಂದಿನ ಶಾಬಾದ್ ಫರಸಿ ಮ್ಯಾಲ ನೀರ ಹಾಕಿ ತಿಕ್ಕೋದು ನಮ್ ಅಜ್ಜಿ ಕಾಲದಿಂದ ನಡದದ. ಶಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿ, ಇದೇ ಸುಣ್ಣದ ಕಲ್ಲಿನ ಸಲವಾಗಿ ವಾಡಿ, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ನಿಂತಾವ. ಅದರ ಗಟ್ಟಿತನ ಮೋಸ್ ಅಂತ 1ರಿಂದ 10ರ ತನಕ ಇರೋ ಅಳತಿಯಾಗ 3ರ ಆಸುಪಾಸು, ಚಾಕುವಿನ ಉಕ್ಕು 5 ದಾಟಿರ್ತದ, ಅಂದ ಮ್ಯಾಲ ಚಾಕು ಕಲ್ಲನ್ನ ತಿಂತದ ಹೊರತು ಕಲ್ಲು ಚಾಕುನ ತಿನ್ನಂಗಿಲ್ಲ. ಧಾರ ಬಂದಂಗ ಅನಸ್ತದಲ್ಲ, ಅದು ಮಡಚಿದ ಅಂಚು ಜರಾ ಸೀದಾ ಆಗಿದ್ದು, ಇಲ್ಲಾ ಮ್ಯಾಲ ಬಿದ್ದ ಉಸಕು ಕೆರೆದಿದ್ದು. ಅವಸರದಾಗ ಫರಸಿಕಿಂತ ಚಾ ಕಪ್ಪಿನ ತಳ ಛಲೋ, ಪಿಂಗಾಣಿ ಕಪ್ಪು ಬೋರಲ ಹಾಕಿದ್ರ ಬಣ್ಣ ಇಲ್ದ ಖರಬರ ಉಂಗುರ ಇರ್ತದ ನೋಡ್ರಿ, ಅದು ಉಕ್ಕಿಗಿಂತ ಗಟ್ಟಿ.

ಹಾರ್ಡ್‌ವೇರ್ ಅಂಗಡ್ಯಾಗ ಸಿಗೋ ಎರಡು ಮುಖದ ಕಾರ್ಬೊರಂಡಮ್ ಕಲ್ಲು, ಒಂದು ಕಡಿ ದಪ್ಪ ಒಂದು ಕಡಿ ಸಣ್ಣ, ಮುನ್ನೂರು ರೂಪಾಯಿ ಒಳಗ ಬರ್ತದ, ನಮ್ ಕಡಿ ರೈತ ಮಂದಿಗಿ ಇದೇ ಸಾಕು ಅಂತ ನಾ ಗಟ್ಟ್ಯಾಗಿ ಹೇಳ್ತೀನಿ. ಕಂಬಾರನ ಚೂರಿಗಿ ಇದು ಹೇಳಿ ಮಾಡ್ಸಿದಂಗ. ನ್ಯೂನತಿ ಅಂದ್ರ ನಡುವ ತಗ್ಗು ಬೀಳ್ತದ, ತಗ್ಗು ಬಿದ್ದ ಕಲ್ಲಿನ ಮ್ಯಾಲ ಮೋರಾದ ಇಳಿಜಾರು ಸಪಾಟ ಕೂಡಲ್ಲ, ಆಗ ಕಲ್ಲನ್ನೇ ಸಿಮೆಂಟ್ ನೆಲಕ್ಕ ಉಸಕು ನೀರ ಹಾಕಿ ತಿಕ್ಕಿ ಸಪಾಟ ಮಾಡ್ಬೇಕು. ಡೈಮಂಡ್ ಕಣ ಕೂಡ್ಸಿದ ಪ್ಲೇಟ್‌ದಾಗ ಈ ತ್ರಾಸ ಇಲ್ಲ, ತಗ್ಗು ಬೀಳಲ್ಲ, ಎಣ್ಣಿ ಬ್ಯಾಡ, ನಾಕು ಹನಿ ನೀರ ಸಾಕು, 400 ಮತ್ತ 1000 ಗ್ರಿಟ್ (ನಂಬರ್ ಹೆಚ್ಚಾದಂಗ ಕಣ ಸಣ್ಣ) ಇರೋದೊಂದು ಇದ್ರ ಸ್ಟೇನ್‌ಲೆಸ್ ಬೆಣ್ಣಿಯಂಗ ಸವೀತದ. ಒತ್ತಿ ತಿಕ್ಕಬಾರದು ಅಷ್ಟ, ಒತ್ತಿದ್ರ ಡೈಮಂಡ್ ಕಣ ಕಿತ್ತು ಹೋಗ್ತಾವ. ನನಗ ಎರಡರಾಗ ಒಂದು ಉಳಿಸ್ಕೋ ಅಂದ್ರ ಡೈಮಂಡ್ ಇಟ್ಕೋತೀನಿ, ಆದ್ರ ಕಾರ್ಬೊರಂಡಮ್ ಇದ್ದವ್ರು ಅದನ್ನ ಒಗೆದು ಇದನ್ನ ತರೋ ಅವಶ್ಯಕತಿ ಇಲ್ಲ. ಎರಡು ಸಣ್ಣ ಬಿಲ್ಲೆ ಇಂಗ್ಲಿಷ್ ವಿ ಅಕ್ಷರದಂಗ ಇರೋ, ನಡುವ ಚಾಕು ಎಳಿಯೋ ಸಾಮಾನು ಸಿಗ್ತದ, ಅದು ಉಕ್ಕನ್ನ ಮಸಿಯಲ್ಲ, ಹರೀತದ, ಸೌತಿಕಾಯಿ ಹೆಚ್ಚೋ ಸಸ್ತಾ ಚಾಕುಗಿ ಹಚ್ಕೋರಿ.

ಕೋನದ ವಿಷ್ಯದಾಗ ಭಾಳ ಗಡಬಡ ಮಾಡ್ಕೋತಾರ. ಅಲಗಿನ ಅಗಲ 25 ಮಿಲಿಮೀಟರ್ ಇದ್ರ ಬೆನ್ನು ಕಲ್ಲಿನಿಂದ ಎಂಟೂವರಿ ಮಿಲಿಮೀಟರ್ ಎತ್ತಿದ್ರ 20 ಡಿಗ್ರಿ ಆಗ್ತದ, ಆರೂವರಿ ಎತ್ತಿದ್ರ 15. ಕಂಬಾರನ ಚೂರಿಗಿ ನಾ 20 ಇಡ್ತೀನಿ, ಬೋನಿಂಗ್ ಚಾಕುಗಿ 15 ರಿಂದ 18, ಮೋರಾಕ್ಕ ಲೆಕ್ಕನೇ ಬ್ಯಾಡ, ಸಪಾಟ ಕೂಡ್ಸೋದು. ಡಿಗ್ರಿಗಿಂತ ಮುಖ್ಯ ಆ ಎತ್ತರ ಕೈಯಾಗ ಅಲುಗಾಡ್ದೆ ಇರೋದು. ಒಂದೇ ಮಗ್ಗಲು ತಿಕ್ಕೋತ ಹೋದ್ರ ಆ ಕಡಿ ಮಗ್ಗಲಿಗಿ ಸಣ್ಣ ತಂತಿ ಎದ್ದಂಗ ಬೆರಳಿಗಿ ಹತ್ತತದ, ಬರ್ ಅಂತಾರ, ಹಿಡಕಿಯಿಂದ ತುದಿ ತನಕ ಆ ಬರ್ ಏಳೋ ತನಕ ಮಗ್ಗಲು ಬದಲ ಮಾಡಬಾರದು. ಬೆರಳು ಬೆನ್ನಿನಿಂದ ಧಾರದ ಕಡಿ ಜಾರಿಸಿ ನೋಡ್ರಿ ಮತ್ತ, ಧಾರದ ಉದ್ದಕ್ಕ ಅಲ್ಲ. ಎರಡೂ ಮಗ್ಗಲು ಆದ ಮ್ಯಾಲ ಕೈ ಹಗೂರ ಮಾಡ್ಕೋತ ಬಂದು ಕಡೀಕ ಹಳೇ ತೊಗಲ ಬೆಲ್ಟಿನ ಒಳ ಮಗ್ಗಲಿಗಿ ಹಿಂದಕ್ಕ ಎಳಿಬೇಕು, ಕ್ಷೌರದ ಅಂಗಡ್ಯಾಗ ಮೊದಲ ಕತ್ತಿ ಎಳಿತಿದ್ರಲ್ಲ ಹಂಗ. ಪೇಪರ್ ಹಾಳಿ ಗಾಳ್ಯಾಗ ಹಿಡದು ಕೊಯ್ದ್ರ ಸದ್ದು ಇಲ್ದೆ ಹೋಗ್ಬೇಕು, ಎಲ್ಲಿ ಸಿಗಬಿತ್ತು ಅಲ್ಲಿ ಬರ್ ಉಳದದ ಅಂತ ತಿಳ್ಕೋರಿ.

ಧಾರ ಉಳಿಯೋದು ಅರ್ಧ ಕೆಳಗ ಏನಿಟ್ಟೀರಿ ಅದರ ಮ್ಯಾಲ. ಸ್ಟೀಲ್ ಪರಾತದಾಗ, ಗ್ರಾನೈಟ್ ಕಟ್ಟಿ ಮ್ಯಾಲ ಕೊಯ್ದ್ರ ಯಾವ ಉಕ್ಕೂ ಉಳಿಯಲ್ಲ. ಮಟನ್ ಅಂಗಡಿಯವ್ರು ಹುಣಸಿ ಮರದ ದಿಮ್ಮಿ ಯಾಕ ಇಟ್ಟಿರ್ತಾರ, ಅದು ಸತ್ತೂರದ ಪೆಟ್ಟು ತಿಂತದ, ಧಾರಾನ ತಿನ್ನಲ್ಲ. ಒಂದು ಗಿಡ್ಡ ದಿಮ್ಮಿ ಮನಿಗಿ ಮಾಡಿಸ್ಕೋರಿ.

ಜಂಗ್ ವಿಷ್ಯ. ಏಪ್ರಿಲ್ ಮೇ ಬಿಸಲಿನಾಗ ಕಂಬಾರನ ಚೂರಿ ಹ್ಯಾಂಗ ಇಟ್ರೂ ನಡೀತದ, ಮಳಿಗಾಲದಾಗ ತೊಳದು ಒರಸದೆ ಇಟ್ರ ರಾತ್ರ್ಯಾಗೇ ಕೆಂಪಾಗ್ತದ, ನಿಂಬಿಹಣ್ಣು ಹುಣಸಿಹಣ್ಣು ತಗಲಿದ್ರ ಕರಿ ಕಲಿ ಬೀಳ್ತದ. ಆ ಕರಿ ಬಣ್ಣಕ್ಕ ಅಂಜಬ್ಯಾಡ್ರಿ, ಅದು ಇರ್ಲಿ, ಕೆಂಪು ಮಾತ್ರ ತಿಕ್ಕಿ ತೆಗೀರಿ. ಎಣ್ಣಿ ಹಚ್ಚೋದಿದ್ರ ನಮ್ ಮನ್ಯಾಗ ಸಿಗೋ ಕುಸುಬಿ ಎಣ್ಣಿ ಬ್ಯಾಡ, ಅದು ಗಾಳಿಗಿ ಒಣಗಿ ಅಂಟ ಆಗ್ತದ, ಮಡಚೋ ಚಾಕುವಿನ ಸಂದಿಗಿ ಹಾಕಿದ್ರ ಬಿಚ್ಚಲಾಕ ಕುಸ್ತಿ ಹಿಡೀಬೇಕು. ಕೊಬ್ಬರಿ ಎಣ್ಣಿ ತೆಳ್ಳಗ ಒರಸ್ರಿ, ಅದು ಹಂಗ ಒಣಗಲ್ಲ.

ಊರಿಗಿ ಒಯ್ಯೋಮುಂದ ಒಂದು ಮಾತು, ಆರ್ಮ್ಸ್ ಕಾಯ್ದಾದ ನಿಯಮದಾಗ 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಅಲಗು ಇರೋದು ಆಯುಧದ ಲೆಕ್ಕಕ್ಕ ಬರ್ತದ, ಮನಿ ಕೆಲಸದ್ದು ಒಕ್ಕಲತನದ್ದು ಬಿಟ್ಟು. ಮ್ಯಾಲ ಹೇಳಿದ ಯಾವ ಚಾಕುನೂ ಆ ಅಳತಿ ಮುಟ್ಟಲ್ಲ, ಆದ್ರೂ ಬಸ್‌ನಾಗ ಸೊಂಟಕ್ಕ ಸಿಗಿಸ್ಕೊಂಡು ಹೋಗಬ್ಯಾಡ್ರಿ, ಚೀಲದ ತಳಕ್ಕ ಸುತ್ತಿ ಇಡ್ರಿ. ಒರಿ ತೊಗಲಿಂದು ಛಂದ ಕಾಣ್ತದ, ಆದ್ರ ತೊಗಲ ಪಸಿ ಹಿಡ್ಕೋತದ, ವರ್ಷಗಟ್ಟಲೆ ಕಾರ್ಬನ್ ಚೂರಿ ಅದರಾಗೇ ಬಿಟ್ರ ಒಳಗ ಜಂಗ್ ತಿಂತದ, ಒಯ್ಯೋಮುಂದ ಮಾತ್ರ ಒರಿಯಾಗ ಹಾಕಿ ಮನ್ಯಾಗ ಎಣ್ಣಿ ಒರಸಿ ಪೇಪರ್ ಸುತ್ತಿ ಅಟ್ಟದ ಮ್ಯಾಲ ಇಡ್ರಿ, ಹುಡುಗುರ ಕೈಗಿ ಸಿಗಬಾರದು.