ವಿಂಡೋಸ್ 10ರ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ 22.2: ಎಲ್ಲಿ ಒಗ್ಗುತ್ತದೆ, ಎಲ್ಲಿ ಎಡವುತ್ತದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಅಥವಾ ನಂತರದ ತಲೆಮಾರಿನ ಪ್ರೊಸೆಸರ್ ಇರಬೇಕು. ಹೀಗೆ ಹೊರಗುಳಿದ 4ರಿಂದ 7ನೇ ತಲೆಮಾರಿನ ಐ3, ಐ5 ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕಬೇಕಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಲಿನಕ್ಸ್ ಮಿಂಟ್ 22.2 ‘ಝಾರಾ’ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಇಂಥ ಯಂತ್ರಗಳಿಗೆ ಚೆನ್ನಾಗಿ ಒಗ್ಗುತ್ತದೆ. ತಳಪಾಯ ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್, ಕರ್ನಲ್ (ಯಂತ್ರದ ಭಾಗಗಳನ್ನು ನಿಭಾಯಿಸುವ ತಿರುಳು) 6.14, ಭದ್ರತಾ ಅಪ್‌ಡೇಟ್ 2029ರ ಏಪ್ರಿಲ್‌ವರೆಗೆ.

ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಜಾಗ ಸಾಕೆಂದು ಮಿಂಟ್ ತಂಡ ಹೇಳುತ್ತದೆ. 2 ಜಿಬಿಯಲ್ಲಿ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಮೌಸೇ ಅಲುಗಾಡುವುದಿಲ್ಲ. 4 ಜಿಬಿ ಇದ್ದರೆ ಮಿಂಟ್‌ನ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿ ಇದ್ದರೆ ತುಸು ಭಾರದ ಸಿನಮನ್ ಎಂದು ಲೆಕ್ಕ ಹಾಕಿಕೊಳ್ಳಿ. 4 ಜಿಬಿಯಲ್ಲೇ ನಡೆಸಬೇಕಾದರೆ ‘ಝಡ್‌ರ್‍ಯಾಮ್-ಕಾನ್ಫಿಗ್’ ಪ್ಯಾಕೇಜ್ ಹಾಕಿ. ಮೆಮೊರಿಯ ಒಂದು ಭಾಗವನ್ನು ಅದು ಕುಗ್ಗಿಸಿ ಇಟ್ಟುಕೊಳ್ಳುವುದರಿಂದ ಡಿಸ್ಕಿಗೆ ಓಡಾಟ ಕಡಿಮೆಯಾಗುತ್ತದೆ.

ಖರ್ಚು ಮಾಡುವುದಿದ್ದರೆ ಮೊದಲ ಹಣ ಎಸ್‌ಎಸ್‌ಡಿಗೆ ಹೋಗಲಿ. 2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ, 240 ಜಿಬಿ ಧಾರಾಳ. ತಿರುಗುವ ಹಾರ್ಡ್‌ಡಿಸ್ಕ್ ಉಳಿಸಿಕೊಂಡು ಯಾವ ಲಿನಕ್ಸ್ ಹಾಕಿದರೂ ‘ನಿಧಾನ’ ಎಂಬ ದೂರು ತಪ್ಪದು. ರ್‍ಯಾಮ್ ಕೊಳ್ಳುವಾಗ ಒಂದು ಎಚ್ಚರ: 4ನೇ ತಲೆಮಾರಿನ ಲ್ಯಾಪ್‌ಟಾಪ್‌ಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. 1.5 ವೋಲ್ಟಿನ ಹಳೆಯ ಡಿಡಿಆರ್3 ಅದೇ ಸ್ಲಾಟಿನಲ್ಲಿ ಕೂರುತ್ತದೆ, ಆದರೆ ಹಲವು ಯಂತ್ರಗಳು ಶುರುವೇ ಆಗುವುದಿಲ್ಲ.

ಮಿಂಟ್‌ನ ಐಎಸ್‌ಒ ಫೈಲು (ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ಇಳಿಸಿಕೊಂಡು ಚೆಕ್‌ಸಮ್ (ಫೈಲು ಕೆಟ್ಟಿಲ್ಲವೆಂದು ತಿಳಿಸುವ ಸಂಖ್ಯೆ) ತಾಳೆ ನೋಡಿ, ರೂಫಸ್ ಅಥವಾ ಬಲೀನಾ ಎಚರ್‌ನಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಿಂದ ಬೂಟ್ ಆದ ಕೂಡಲೇ ಇನ್‌ಸ್ಟಾಲ್ ಐಕಾನ್ ಒತ್ತಬೇಡಿ, ಅರ್ಧ ಗಂಟೆ ಲೈವ್‌ನಲ್ಲೇ (ಡಿಸ್ಕಿಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ) ಓಡಿಸಿ. ವೈಫೈ ಪಟ್ಟಿ ಕಾಣುತ್ತಿದೆಯೇ? ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ಸುಮ್ಮನಾಗುತ್ತದೆಯೇ? ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದರೆ ಪರದೆ ಮರಳುತ್ತದೆಯೇ? ಸ್ಲೀಪ್‌ನಿಂದ ಏಳದ ಲ್ಯಾಪ್‌ಟಾಪ್ ಇನ್‌ಸ್ಟಾಲ್ ಆದ ಮೇಲೂ ಸಾಮಾನ್ಯವಾಗಿ ಏಳುವುದಿಲ್ಲ. ಆಗ ಅಪ್‌ಡೇಟ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನಲ್ಲಿರುವ ಲಿನಕ್ಸ್ ಕರ್ನಲ್ಸ್‌ಗೆ ಹೋಗಿ 6.8 ಸರಣಿ ಹಾಕಿ ನೋಡಬೇಕು. ಹಳೆಯ ಕರ್ನಲ್ ಆರಿಸಲು ಬೂಟ್ ಆಗುವಾಗ ಎಸ್ಕೇಪ್ ಒತ್ತಿ (ಹಳೆಯ ಬಯೋಸ್ ಆದರೆ ಶಿಫ್ಟ್) ‘ಅಡ್ವಾನ್ಸ್‌ಡ್ ಆಪ್ಷನ್ಸ್’ ತೆರೆಯಿರಿ.

ವೈಫೈ ಕಾಣದಿದ್ದರೆ ಕಾರಣ ಹೆಚ್ಚಾಗಿ ಬ್ರಾಡ್‌ಕಾಮ್ ಚಿಪ್, ಅದರಲ್ಲೂ ಬಿಸಿಎಂ43142. ಇದರ ಡ್ರೈವರ್ ಮುಕ್ತ ತಂತ್ರಾಂಶವಲ್ಲ, ಡ್ರೈವರ್ ಮ್ಯಾನೇಜರ್‌ನಿಂದ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಅದಕ್ಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು! ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಹಾಕಿದರೆ ಈ ಗಂಟು ಬಿಚ್ಚುತ್ತದೆ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ, ಡ್ರೈವರ್ ಹಾಕುವಾಗ ಕೊಟ್ಟ ಪಾಸ್‌ವರ್ಡ್ ಹೊಡೆಯಬೇಕು. ಗಾಬರಿಯಲ್ಲಿ ‘ಕಂಟಿನ್ಯೂ’ ಒತ್ತಿದರೆ ಡ್ರೈವರ್ ಇದ್ದೂ ಇಲ್ಲದಂತೆ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸದಿದ್ದರೆ ಬಯೋಸ್‌ನಲ್ಲಿ ಸಾಟಾ ಮೋಡ್ ಇಂಟೆಲ್ ಆರ್‌ಎಸ್‌ಟಿ ಆಗಿದೆಯೇ ನೋಡಿ, ಅದನ್ನು ಎಎಚ್‌ಸಿಐಗೆ ಬದಲಿಸಿ. ವಿಂಡೋಸ್ ಕೂಡ ಉಳಿಸಿಕೊಳ್ಳುವವರು ಈ ಬದಲಾವಣೆಗೆ ಮುನ್ನ ವಿಂಡೋಸನ್ನು ಸೇಫ್ ಮೋಡ್‌ಗೆ ಸಿದ್ಧಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದು ಬೂಟ್ ಆಗದು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು, ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳುವುದು ಕಡ್ಡಾಯ. ಫಾಸ್ಟ್ ಸ್ಟಾರ್ಟಪ್ ಉಳಿದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಅದರ ಪಾರ್ಟಿಷನ್ ಮಿಂಟ್‌ನಲ್ಲಿ ಓದಲು ಮಾತ್ರ ಸಿಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಮಲ್ಟಿಮೀಡಿಯಾ ಕೋಡೆಕ್ಸ್ (ಹಾಡು, ವಿಡಿಯೊ ಓಡಿಸಲು ಬೇಕಾದವು) ಪೆಟ್ಟಿಗೆಗೆ ಟಿಕ್ ಹಾಕಲು ಮರೆಯಬೇಡಿ.

22.2ರಲ್ಲಿ ಹೊಸದು ಕಡಿಮೆ, ಅದೇ ಒಳ್ಳೆಯದು. ಲಾಗಿನ್ ಪರದೆಗೆ ಮಬ್ಬು ಹಿನ್ನೆಲೆ ಬಂದಿದೆ, ಥೀಮ್‌ನ ಬೂದು ಬಣ್ಣಕ್ಕೆ ತುಸು ನೀಲಿ ಸೇರಿದೆ. ನಿಜಕ್ಕೂ ಉಪಯೋಗದ್ದು ‘ಫಿಂಗ್ವಿಟ್’: ಬೆರಳಚ್ಚು ಓದುವ ಸಾಧನವಿದ್ದರೆ ಲಾಗಿನ್, ಸ್ಕ್ರೀನ್‌ಸೇವರ್, ಅಡ್ಮಿನ್ ಕೆಲಸಗಳಿಗೆ ಬೆರಳಿಟ್ಟರೆ ಸಾಕು. ನಿಮ್ಮ ಕಡತಗಳಿರುವ ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ದರೆ ಲಾಗಿನ್‌ಗೆ ಪಾಸ್‌ವರ್ಡೇ ಬೇಕು, ಏಕೆಂದರೆ ಬೀಗ ಬಿಚ್ಚುವುದು ಪಾಸ್‌ವರ್ಡ್, ಬೆರಳಲ್ಲ. ಫೈರ್‌ಫಾಕ್ಸ್ ಸ್ನ್ಯಾಪ್ (ಉಬುಂಟುವಿನ ಭಾರದ ಪ್ಯಾಕೇಜ್ ಬಗೆ) ಆಗಿ ಬರದೆ ಮಾಮೂಲಿ ಪ್ಯಾಕೇಜ್ ಆಗಿಯೇ ಬರುವುದೂ ಹಳೆಯ ಡಿಸ್ಕಿಗೆ ಹಿತ.

ಯೂಟ್ಯೂಬ್ ನೋಡುವಾಗ ಫ್ಯಾನ್ ಕೂಗುತ್ತಿದ್ದರೆ ತಪ್ಪು ಮಿಂಟ್‌ನದ್ದಲ್ಲ. ಯೂಟ್ಯೂಬ್ ಬಳಸುವ ವಿಡಿಯೊ ಬಗೆಗಳಲ್ಲಿ 4ನೇ ತಲೆಮಾರಿನ ಗ್ರಾಫಿಕ್ಸ್ ಎಚ್.264 ಒಂದನ್ನಷ್ಟೇ ಹಾರ್ಡ್‌ವೇರ್‌ನಲ್ಲಿ ಬಿಡಿಸುತ್ತದೆ. ಅದು ಹೆಚ್ಚಾಗಿ ಕಳಿಸುವ ವಿಪಿ9, ಎವಿ1 ಬಗೆಗಳ ಭಾರವೆಲ್ಲ ಸಿಪಿಯು ಮೇಲೆ ಬೀಳುತ್ತದೆ. ಎಚ್.264 ಅನ್ನೇ ಕಳಿಸುವಂತೆ ಮಾಡುವ ‘ಎಚ್264ಇಫೈ’ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿದರೆ ವ್ಯತ್ಯಾಸ ಕೂಡಲೇ ಕೇಳಿಸುತ್ತದೆ.

ಪ್ರಿಂಟರ್ ವಿಚಾರ: ಹೊಸ ನೆಟ್‌ವರ್ಕ್ ಪ್ರಿಂಟರ್‌ಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಎಚ್‌ಪಿ ಲೇಸರ್‌ಜೆಟ್ 1020ಯಂಥವು ಪಟ್ಟಿಯಲ್ಲಿ ಕಂಡರೂ ಕಾಗದ ಎಳೆಯುವುದಿಲ್ಲ. ಅವುಗಳೊಳಗೆ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳ ತಂತ್ರಾಂಶ) ಶಾಶ್ವತವಾಗಿ ಉಳಿಯದು, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರೇ ಕಳಿಸಬೇಕು. ಟರ್ಮಿನಲ್‌ನಲ್ಲಿ ‘ಎಚ್‌ಪಿ-ಪ್ಲಗಿನ್’ ಆಜ್ಞೆ ಓಡಿಸಿ, ಇರುವ ಎಚ್‌ಪಿಲಿಪ್ (ಎಚ್‌ಪಿ ಪ್ರಿಂಟರ್‌ಗಳ ಲಿನಕ್ಸ್ ತಂತ್ರಾಂಶ) ಆವೃತ್ತಿಗೆ ತಕ್ಕ ಪ್ಲಗಿನ್ ಹಾಕಿ. ಆವೃತ್ತಿ ಒಂದಂಕಿ ಬೇರೆಯಾದರೂ ಒಪ್ಪುವುದಿಲ್ಲ.

ಇನ್ನು ಕನ್ನಡ. ಓದಲು ತೊಂದರೆಯಿಲ್ಲ, ಗುಬ್ಬಿ, ನವಿಲು ಫಾಂಟ್‌ಗಳು ಬೇಕೆಂದರೆ ಸಿನಾಪ್ಟಿಕ್‌ನಲ್ಲಿ (ಪ್ಯಾಕೇಜ್ ಹುಡುಕಿ ಹಾಕುವ ತಂತ್ರಾಂಶ) ಸಿಗುತ್ತವೆ. ಟೈಪಿಂಗ್‌ನಲ್ಲಿ ಮಾತ್ರ ಹೊಸಬರು ದಾರಿ ತಪ್ಪುತ್ತಾರೆ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೇ ‘ಕನ್ನಡ, ಕಗಪ’ ಎಂದು ಕಾಣುತ್ತದೆ, ಅದನ್ನು ಸೇರಿಸಿಕೊಂಡು ನುಡಿಯಂತೆ ಹೊಡೆಯಲು ಹೋದರೆ ಸ್ವರಗಳು ಕೈಕೊಡುತ್ತವೆ. ಆ ಲೇಔಟ್‌ನಲ್ಲಿ ಒಂದು ಕೀಗೆ ಒಂದು ಚಿಹ್ನೆ, ಅಷ್ಟೇ. ಹಿಂದೆ ವ್ಯಂಜನ ಇದೆಯೇ ಎಂದು ನೋಡಿ ಸ್ವರವನ್ನು ಗುಣಿತವಾಗಿಸುವ ಜಾಣ್ಮೆ ಅದಕ್ಕಿಲ್ಲ. ಆದ್ದರಿಂದ ಅದನ್ನು ಬಿಟ್ಟು ಟೈಪಿಂಗ್ ನಿಭಾಯಿಸುವ ‘ಐಬಸ್’ ಮತ್ತು ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ. ‘ಇನ್‌ಪುಟ್ ಮೆಥಡ್’ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ ಲಾಗೌಟ್ ಆಗಿ ಬನ್ನಿ. ಬಳಿಕ ಐಬಸ್ ಪ್ರಾಶಸ್ತ್ಯಗಳಲ್ಲಿ ಕನ್ನಡದಡಿ ‘ಕೆಜಿಪಿ’ (ಕಗಪ) ಸೇರಿಸಿ, ಸೂಪರ್ (ವಿಂಡೋಸ್ ಕೀ) ಮತ್ತು ಸ್ಪೇಸ್ ಒತ್ತಿ ಬದಲಿಸಿಕೊಳ್ಳಿ. ಕೆ, ಎನ್, ಎಫ್, ಎನ್, ಡಬ್ಲ್ಯು ಹೊಡೆದಾಗ ‘ಕನ್ನಡ’ ಎಂದು ಮೂಡಿದರೆ ಎಲ್ಲ ಸರಿಯಿದೆ ಎಂದರ್ಥ. ಲಿಬ್ರೆಆಫೀಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಆನ್ ಮಾಡಿ ಕನ್ನಡ ಆರಿಸಿದರೆ, ಕನ್ನಡಕ್ಕೆ ಬೇರೆ ಫಾಂಟ್, ಬೇರೆ ಅಳತೆ ನಿಗದಿ ಮಾಡಬಹುದು.

ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ಗಳಲ್ಲಿ ಟೈಪ್ ಮಾಡಿದ ಅರ್ಜಿ, ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆಗಳು ಮಿಂಟ್‌ನಲ್ಲಿ ಬರೀ ಲ್ಯಾಟಿನ್ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತವೆ. ಆ ಫಾಂಟ್ ತಂದು ಹಾಕಿದರೆ ಕಣ್ಣಿಗೆ ಕಾಣುತ್ತವೆ, ಆದರೆ ಹುಡುಕಲು, ಮೇಲ್‌ಗೆ ನಕಲಿಸಲು ಆಗದು. ವಿಂಡೋಸ್ ಅಳಿಸುವ ಮುನ್ನವೇ ನುಡಿಯ ಪರಿವರ್ತಕದಿಂದ ಅವನ್ನೆಲ್ಲ ಯೂನಿಕೋಡ್‌ಗೆ ತಂದು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.