ಕೋರಲ್ ಗ್ಲೂ ಜೆಲ್ ಮತ್ತ ಎಪಾಕ್ಸಿ ಪುಟ್ಟಿ: ಕಲಬುರಗಿ ಬಿಸಲಾಗ ಭಾಳ ದಿನ ಬಳಸಿ ಬರದಿದ್ದು

ರೀಫ್ ಟ್ಯಾಂಕ್, ಅಂದ್ರ ಜೀವಂತ ಕೋರಲ್ (ಹವಳ) ಸಾಕೋ ಉಪ್ಪುನೀರಿನ ತೊಟ್ಟಿ ಇಡೋರು, ಕೋರಲ್ ಕಲ್ಲಿಗೆ ಅಂಟಸೋ ಇವೆರಡೂ ತಗೋರಿ, ಒಂದೇ ತಗೊಂಡ್ರ ಕೆಲಸ ಅರ್ಧಕ್ಕ ನಿಲ್ತದ. ಪುಟ್ಟಿ ಕಲ್ಲಿನ ಸಂದಿ ತುಂಬ್ತದ ಖರೆ, ನೀರಾಗ ತಾನಾಗೇ ಅಂಟಂಗಿಲ್ಲ, ಜೆಲ್ ಅಂಟ್ತದ ಆದ್ರ ಭಾರ ಹೊರಂಗಿಲ್ಲ. ಅದಕ್ಕ ಪ್ಲಗ್ (ಕೋರಲ್ ತುಂಡು ಕೂಡಸಿದ ಸಣ್ಣ ಬಿಲ್ಲಿ) ತಳಕ್ಕ ಜೆಲ್, ಅದರ ಮ್ಯಾಲ ಪುಟ್ಟಿ ಉಂಡಿ, ಪುಟ್ಟಿ ಮ್ಯಾಲ ಮತ್ತ ಜೆಲ್, ಆಮ್ಯಾಲ ಕಲ್ಲಿಗೆ ಒತ್ತೋದು. ಜೆಲ್‌ಗೆ ನೀರು ತಾಕಿದ ಕೂಡ್ಲೇ ಮ್ಯಾಲ ಬಿಳಿ ಪೊರೆ ಕಟ್ತದ, ಆ ಪೊರೆ ಕಲ್ಲಿಗೆ ಹಿಡಿಯಂಗಿಲ್ಲ, ಒತ್ತಿದಾಗ ಅತ್ತ ಇತ್ತ ಸ್ವಲ್ಪ ತಿರುವಿದ್ರ ಪೊರೆ ಹರದು ಒಳಗಿನ ಹಸಿ ಅಂಟು ತೂತಿನಾಗ ಇಳೀತದ, ಅಲ್ಲಿಗೆ ಗಟ್ಟಿ. ಇದು ಡಬ್ಬಿ ಮ್ಯಾಲ ಬರದಿರಂಗಿಲ್ಲ.

ಪುಟ್ಟಿದು ಎರಡು ಬಣ್ಣ ಇರ್ತದ, ರೊಟ್ಟಿ ಹಿಟ್ಟು ನಾದಿದಂಗ ನಾದಬೇಕು, ಒಂದೇ ಬಣ್ಣ ಆಗೋತನಕ. ಹಚ್ಚಿದ ದಿನ ಸ್ಕಿಮ್ಮರ್ (ನೊರಿ ಎಬ್ಬಿಸಿ ನೀರಿನ ಹೊಲಸು ತಗಿಯೋ ಯಂತ್ರ) ಹುಚ್ಚೆದ್ದು ನೊರಿ ಉಕ್ಕಸ್ತದ, ಕಪ್ ತುಂಬಿ ನೆಲದ ಮ್ಯಾಲ ಬರ್ತದ, ಹೆದರಬ್ಯಾಡ್ರಿ, ಸ್ವಲ್ಪ ಹೊತ್ತು ಬಂದ್ ಮಾಡಿಡ್ರಿ, ಗಾಳಿ ಗುಳ್ಳಿ ಬಿಡೋ ಏರ್ ಸ್ಟೋನ್ ಒಂದು ಬಿಡ್ರಿ.

ಎಲ್ಲಾ ಕೋರಲ್‌ಗೂ ಅಂಟು ನಡ್ಯಂಗಿಲ್ಲ, ಇದು ಮುಖ್ಯ. ಮಶ್ರೂಮ್ ಅನ್ನೋ ಮೆತ್ತನ್ನ ಕೋರಲ್ ಲೋಳಿ ಬಿಟ್ಟು ಜಾರಿ ಹೋಗ್ತದ, ಅದನ್ನ ಚೂರು ಕಲ್ಲು ಹಾಕಿದ ಸಣ್ಣ ಬಟ್ಟಲದಾಗ ಇಟ್ಟು ಮ್ಯಾಲ ಜಾಳಿಗಿ ಬಟ್ಟಿ ಕಟ್ಟಿ ನೀರಿನ ಹರಿವು ಕಮ್ಮಿ ಇರೋ ಮೂಲಿಗೆ ಬಿಟ್ರ ತಾನೇ ಒಂದು ಚೂರು ಹಿಡಕೋತದ, ಆಮ್ಯಾಲ ಆ ಚೂರಿಗೆ ಜೆಲ್ ಹಚ್ರಿ. ಲೆದರ್ ಕೋರಲ್ ತುಂಡೂ ಹಂಗೇ, ರಬ್ಬರ್ ಬ್ಯಾಂಡ್ ಹಾಕಿ ಕಲ್ಲಿಗೆ ಕಟ್ಟೋದೇ ಛಲೋ. ಜೋವಾ ಅನ್ನೋ ಸಣ್ಣ ಹೂವಿನಂಥ ಜೀವಿ ಮಾತ್ರ ಪ್ಲಗ್ ಸಮೇತ ಜೆಲ್‌ಗೆ ಚಂದ ಕೂಡ್ತದ, ಆದ್ರ ಕೈಗವಸು ಕಣ್ಣಿಗೆ ಕನ್ನಡಕ ಇಲ್ಲದ ಮುಟ್ಟಬ್ಯಾಡ್ರಿ, ಅದರಾಗ ಪ್ಯಾಲಿಟಾಕ್ಸಿನ್ ಅನ್ನೋ ಕಡು ವಿಷ ಇರಬಹುದು, ಜೋವಾ ಇದ್ದ ಕಲ್ಲು ಕುದಿಸೋದಂತೂ ಬ್ಯಾಡೇ ಬ್ಯಾಡ.

ಅಂಟಸೋಕಿಂತ ಮೊದ್ಲ ಜಾಗ ನೋಡ್ರಿ. ಲೆದರ್ ಕೋರಲ್ ಟ್ಯಾಂಕಿನಾಗ ಎತ್ತರಕ್ಕ, ಹರಿವು ಸಿಗೋ ಕಡೆ, ಯಾಕಂದ್ರ ಆಗಾಗ ಮೈಮ್ಯಾಲ ಮೇಣದಂಥ ಪೊರೆ ಕಟ್ಟಿ ಮುದುಡಿ ಕುಂಡ್ರತದ, ನೀರು ಬಡದ್ರ ಪೊರೆ ಕಳಚಿ ಮತ್ತ ಅರಳತದ. ಬಾಜೂಕಿನ ಕೋರಲ್‌ಗಳಿಗೆ ರಾಸಾಯನಿಕ ಬಿಡೋದೂ ಅದೇ, ಹಂಗಾಗಿ ಸುತ್ತ ಗೇಣು ಜಾಗ ಖಾಲಿ ಬಿಟ್ಟು ಫಿಲ್ಟರ್‌ನಾಗ ಕಾರ್ಬನ್ ಇಡ್ರಿ. ಮಶ್ರೂಮ್ ಕೆಳಗ ನೆರಳಾಗ. ಝೀನಿಯಾ ಅನ್ನೋ ಮೆತ್ತನ್ನ ಕೋರಲ್ ಬೇಕಂದ್ರ ಮರಳಿನ ಮ್ಯಾಲ ಬ್ಯಾರೇ ಕಲ್ಲಿಗೇ ಹಚ್ರಿ, ದೊಡ್ಡ ಕಲ್ಲಿಗೆ ಹತ್ತಿತು ಅಂದ್ರ ಎಲ್ಲಾ ಜಾಗ ಅದರದೇ.

ಅಕ್ರೊಪೊರಾದಂಥ ಗಟ್ಟಿ ಕೋರಲ್ ಯಾರಾದ್ರೂ ಮಾರ್ಲಿಕ್ಕೆ ಬಂದ್ರ ತಗೋಬ್ಯಾಡ್ರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ ಒಂದರಾಗ ಅವ, ಸಮುದ್ರದಾಗೇ ಇರ್ಲಿ. ಆ ನೋಟ ಬೇಕಂದ್ರ ರೆಸಿನ್‌ದು ಸಿಗ್ತವ, ಪುಟ್ಟಿ ಅವಕ್ಕೂ ಛಲೋ ಹಿಡೀತದ.

ಮನಿಗೆ ಬಂದೋರೆಲ್ಲ ಕೇಳ್ತಾರ, ಟ್ಯಾಂಕಿನಾಗ ನಮ್ಮ ಶಹಾಬಾದ್ ಕಲ್ಲೇ ಯಾಕ ಹಾಕಬಾರ್ದು ಅಂತ. ಅದೂ ಸುಣ್ಣದ ಕಲ್ಲೇ ಖರೆ, ಆದ್ರ ಗಚ್ಚಾಗಿ ಚಪ್ಪಟಿ ಇರ್ತದ, ನೀರು ಸ್ವಚ್ಛ ಇಡೋ ಬ್ಯಾಕ್ಟೀರಿಯಾ ಕೂಡ್ಲಿಕ್ಕೆ ತೂತೇ ಇಲ್ಲ, ಜೆಲ್‌ಗೂ ಹಿಡಿತ ಸಿಗಂಗಿಲ್ಲ. ಸ್ಟ್ಯಾಂಡ್ ಕೆಳಗ ಭಾರ ಹೊರ್ಲಿಕ್ಕೆ ಮಾತ್ರ ನಮ್ಮನ್ಯಾಗ ಅದೇ ಅದ.

ಕಂಪ್ಲೇಂಟ್ ಒಂದೇ, ನಾ ಮೊದ್ಲ ತರಿಸಿದ ಕಂಪನಿದು ಜೆಲ್ ದೊಡ್ಡ ಟ್ಯೂಬ್, ಮುಚ್ಚಳ ಸರಿ ಕೂಡ್ತಿರಲಿಲ್ಲ, ಮೇ ತಿಂಗಳು ಹೊರಗ 42 ಡಿಗ್ರಿ ಇದ್ದಾಗ ಮೂತಿ ಕಟ್ಟಿ ಅರ್ಧ ಟ್ಯೂಬ್ ಹಾಗೇ ಕಲ್ಲಾಯ್ತು, ಬದಲಿ ಕೇಳಿದ್ರ ಉತ್ತರ ಬರಲಿಲ್ಲ. ಈಗ ಸಣ್ಣ ಟ್ಯೂಬೇ ತರ್ತೀನಿ, ಒಡದಿಲ್ಲದ್ದು ಗಾಳಿ ಹೋಗದ ಡಬ್ಬಿ ಒಳಗ ಫ್ರಿಜ್ಜಿನ್ಯಾಗ, ಊಟದ ಸಾಮಾನಿಂದ ದೂರ. ಹಚ್ಚೋಕಿಂತ ಮೊದ್ಲ ಹೊರಗ ತಗದಿಟ್ರ ಹದಕ್ಕ ಬರ್ತದ.

ಜೆಲ್‌ಗೆ ಐದಕ್ಕ ನಾಲ್ಕು, ಪುಟ್ಟಿಗೆ ನಾಲ್ಕೂವರೆ.